ಕಿರುಗುಡಿಗಳೂ ಭಾರಯಂತ್ರಗಳೂ: ಹರಪನಹಳ್ಳಿ-ಹಡಗಲಿ ಸೀಮೆಯ ರೂವಾರಿಗಳ ಮಾದರಿವಿದ್ಯೆ

೧

ದೊಡ್ಡದೊಂದು ವಸ್ತುವನ್ನು ಅದರ ಅಂಗಾಂಗಗಳ ಪ್ರಮಾಣವು ಕೆಡದಂತೆ ಚಿಕ್ಕದಾಗಿ ರಚಿಸಿ ಕಣ್ಣೆದುರಿಗೆ ಇರಿಸಿಕೊಳ್ಳುವ ಆಸೆಯು ಮನುಷ್ಯನಿಗೆ ಬಹು ಪುರಾತನವಾದುದು. ಈಚಿನ ಕಾಲದಲ್ಲಿ ಈ ಆಸೆಯು ಯಂತ್ರಗಳ ಕಡೆಗೆ ವಿಶೇಷವಾಗಿ ತಿರುಗಿರುವುದು. ಕಟ್ಟಡಗಳ ಕೆಲಸದಲ್ಲಿ ಭಾರವನ್ನೆತ್ತುವ ಕ್ರೇನುಗಳನ್ನು ಐವತ್ತರಲ್ಲೊಂದು ಪ್ರಮಾಣಕ್ಕೆ ಇಳಿಸಿ, ಹಗ್ಗ, ರಾಟೆ, ಕೊಕ್ಕೆಗಳೊಡನೆ ಯಥಾವತ್ತಾಗಿ ನಿರ್ಮಿಸುವವರೂ ಅಂತಹ ಮಾದರಿಗಳನ್ನು ಕೂಡಿಹಾಕುವವರೂ ಅನೇಕ ದೇಶಗಳಲ್ಲಿ ಇರುವರು. ಈ ಪ್ರಮಾಣದಲ್ಲಿ ನೂರು ಮೀಟರು ಎತ್ತರದ ಯಂತ್ರವು ಎರಡು ಮೀಟರಿಗೆ ಇಳಿಯುತ್ತದೆ. ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ ಎಂಬಾತನು ತೂತುಗಳುಳ್ಳ ಲೋಹದ ಪಟ್ಟಿಗಳನ್ನು ತಿರುಪಿನಿಂದ ಜೋಡಿಸುವ ಆಟಿಕೆಗೆ ೧೯೦೧ರಲ್ಲಿ ಹಕ್ಕುಪತ್ರವನ್ನು ಪಡೆದನು. ಮುಂದೆ ಮೆಕ್ಯಾನೋ ಎಂದು ಹೆಸರಾದ ಈ ಆಟಿಕೆಯು ತಲೆತಲಾಂತರದ ಹುಡುಗರಿಗೆ ಭಾರಯಂತ್ರದ ರಹಸ್ಯವನ್ನು ಕಲಿಸಿಕೊಟ್ಟಿತು. ಮಾದರಿಯು ಕೇವಲ ವಿನೋದದ ವಸ್ತುವಲ್ಲ. ಮೂಲವು ಕಣ್ಮರೆಯಾದಮೇಲೆ ಅದರ ಜ್ಞಾನವನ್ನು ಉಳಿಸುವ ದಾಖಲೆಯೂ ಆಗುತ್ತದೆಂಬುದು ಇದರಿಂದ ಸ್ಪಷ್ಟವಾಗುವುದು.

ಕನ್ನಡನಾಡಿನಲ್ಲಿಯೂ ಮಾದರಿವಿದ್ಯೆಯು ಒಮ್ಮೆ ಪರಾಕಾಷ್ಠೆಯನ್ನು ಮುಟ್ಟಿತ್ತು. ಆದರೆ ಅದರ ವಿಷಯವು ಯಂತ್ರವಾಗಿರದೆ ದೇವಾಲಯವಾಗಿತ್ತು. ಅದರ ದ್ರವ್ಯವು ಲೋಹವಾಗಿರದೆ ಶಿಲೆಯಾಗಿತ್ತು. ಕ್ರಿ. ಶ. ಹತ್ತನೆಯ ಶತಮಾನದಿಂದ ಹದಿಮೂರನೆಯ ಶತಮಾನದವರೆಗೆ ಇಲ್ಲಿಯ ರೂವಾರಿಗಳು ಗುಡಿಗಳ ಗೋಡೆಗಳ ಮೇಲೆ ಗುಡಿಗಳನ್ನೇ ಚಿಕ್ಕದಾಗಿ ಕಡೆದಿಟ್ಟರು. ಆ ಗುಡಿಗಳ ಕಲ್ಲುಗಳನ್ನು ಮೇಲಕ್ಕೆತ್ತಿದ ಸಾಧನದ ಮಾದರಿಯನ್ನು ಮಾತ್ರ ಅವರು ಬಿಟ್ಟುಹೋಗಲಿಲ್ಲ. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ವಿಚಾರಿಸಿದರೆ, ನಮ್ಮ ಪೂರ್ವಿಕರು ಯಾವುದನ್ನು ನೆನಪಿಗೆ ಯೋಗ್ಯವೆಂದು ಎಣಿಸಿದರು, ಯಾವುದನ್ನು ಎಣಿಸಲಿಲ್ಲ ಎಂಬುದು ವ್ಯಕ್ತವಾಗುತ್ತದೆ.

೨

ಈ ವಿಚಾರಕ್ಕೆ ಚಿಗಟೇರಿಯ ಸುತ್ತಣ ಸೀಮೆಯು ಅತ್ಯಂತ ಅನುಕೂಲವಾದ ಕ್ಷೇತ್ರವಾಗಿದೆ. ಚಿಗಟೇರಿಯು ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ಗ್ರಾಮ. ನಾರದಮುನಿಯ ಗುಡಿಯಿಂದ ಪ್ರಸಿದ್ಧವಾದುದು. ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆಯಲ್ಲಿದ್ದ ಈ ತಾಲ್ಲೂಕು ೧೯೫೩ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ೧೯೯೭ರಲ್ಲಿ ದಾವಣಗೆರೆ ಜಿಲ್ಲೆಗೆ ಹೋಗಿ, ತರುವಾಯ ಬಳ್ಳಾರಿಗೆ ಮರಳಿ, ೨೦೨೧ರಲ್ಲಿ ಹೊಸದಾಗಿ ಏರ್ಪಟ್ಟ ವಿಜಯನಗರ ಜಿಲ್ಲೆಯ ಭಾಗವಾಯಿತು. ಆಡಳಿತದ ಎಲ್ಲೆಗಳು ಹೀಗೆ ಪದೇ ಪದೇ ಬದಲಾದರೂ ಶಿಲ್ಪದ ದೃಷ್ಟಿಯಿಂದ ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿ, ಕೊಟ್ಟೂರು, ಕೂಡ್ಲಿಗಿಗಳು ಒಂದೇ ಸೀಮೆ. ಶಾಸನಗಳಲ್ಲಿ ಕೋಗಳಿ ಐನೂರು ಎಂದು ಹೇಳುವ ನಾಡು ಇಲ್ಲಿಯೇ ಇದ್ದಿತು.

ಕಲ್ಯಾಣದ ಚಾಲುಕ್ಯರ ಕಾಲದ ಉತ್ತಮ ದೇವಾಲಯಗಳು ಈ ಸೀಮೆಯಲ್ಲಿ ಅಲ್ಲಲ್ಲಿ ಹರಡಿಕೊಂಡಿವೆ. ಹರಪನಹಳ್ಳಿಗೆ ಸಮೀಪದ ಬಾಗಳಿಯ ಕಲ್ಲೇಶ್ವರವು ಹತ್ತನೆಯ ಶತಮಾನದ್ದು. ದುಗ್ಗಿಮಯ್ಯನೆಂಬಾತನನ್ನು ಹೆಸರಿಸುವ ಅಲ್ಲಿಯ ಶಾಸನವು ಇಮ್ಮಡಿ ತೈಲಪನ ಕಾಲದ್ದು, ಕ್ರಿ. ಶ. ೯೮೭ಕ್ಕೆ ಸೇರಿದುದು. ಹಿರೇಹಡಗಲಿಯ ಕಲ್ಲೇಶ್ವರವನ್ನು ಮೊದಲನೆಯ ಸೋಮೇಶ್ವರನ ಮಂತ್ರಿಯಾದ ದೇಮರಸನು ೧೦೫೭ರಲ್ಲಿ ಕಟ್ಟಿಸಿದನು. ತುಂಗಭದ್ರೆಯ ದಡದ ಕುರುವತ್ತಿಯ ಮಲ್ಲಿಕಾರ್ಜುನ, ನೀಲಗುಂದದ ಭೀಮೇಶ್ವರ, ಮಾಗಳದ ವೇಣುಗೋಪಾಲ, ಅಂಬಳಿಯ ಕಲ್ಲೇಶ್ವರ ಇವುಗಳೂ ಇದೇ ಪರಂಪರೆಗೆ ಸೇರಿದವು. ಅಲೆಕ್ಸಾಂಡರ್ ರೀ ಎಂಬ ವಿದ್ವಾಂಸನು ೧೮೯೬ರಲ್ಲಿ ಪ್ರಕಟಿಸಿದ ಚಾಲುಕ್ಯ ವಾಸ್ತುಶಿಲ್ಪದ ಗ್ರಂಥವು ಬಳ್ಳಾರಿ ಜಿಲ್ಲೆಯ ಗುಡಿಗಳನ್ನೇ ಆಧಾರವಾಗಿಟ್ಟುಕೊಂಡು ರಚಿತವಾಯಿತೆಂಬುದರಿಂದ ಈ ಸೀಮೆಯ ಪ್ರಾಮುಖ್ಯವನ್ನು ಊಹಿಸಬಹುದು.

೩

ಇಂತಹ ಗುಡಿಯ ಹೊರಗೋಡೆಯೆದುರಿಗೆ ನಿಂತು ನೋಡುವವನಿಗೆ ಮೊದಲು ತೋರುವುದು ಅರೆಗಂಬಗಳ ಸಾಲು. ಎರಡು ದೊಡ್ಡ ಅರೆಗಂಬಗಳ ನಡುವಣ ಒಳಸರಿದ ಭಾಗದಲ್ಲಿ ಬಡವಾದ ಒಂದು ಕಂಬವು ಎದ್ದು, ಅದರ ತುದಿಯಲ್ಲಿ ಒಂದು ಪುಟ್ಟ ಗುಡಿಯು ಕುಳಿತಿರುವುದು. ಅದು ಬರಿಯ ಹೂಬಳ್ಳಿಯಂತಹ ಅಲಂಕಾರವಲ್ಲ. ಅದಕ್ಕೆ ಕಪೋತವುಂಟು, ನೆಲೆಗಳುಂಟು, ಗ್ರೀವವುಂಟು, ಶಿಖರವುಂಟು, ತುದಿಯಲ್ಲಿ ಸ್ತೂಪಿಯುಂಟು. ದೊಡ್ಡ ಗುಡಿಯ ಯಾವ ಮುಖ್ಯಾಂಗವನ್ನೂ ಅಲ್ಲಿ ಬಿಟ್ಟಿಲ್ಲ. ಚೌಕವಾದ ಶಿಖರವುಳ್ಳದ್ದು ಕೂಟ; ಬಂಡಿಯ ಕಮಾನಿನಂತೆ ನೀಳವಾದ ಮೇಲ್ಚಾವಣಿಯುಳ್ಳದ್ದು ಶಾಲೆ; ಕುದುರೆಲಾಳದಾಕಾರದ ಮುಖವುಳ್ಳದ್ದು ಪಂಜರ. ಇವುಗಳಿಗೆ ಒಟ್ಟಾಗಿ ಕಿರುಗುಡಿಯೆಂಬ ಹೆಸರು ಒಪ್ಪುತ್ತದೆ.

ಇವು ಯಂತ್ರಮಾದರಿಗಳಂತೆ ಒಂದೇ ಅಂಕಿಯಿಂದ ಭಾಗಿಸಿದ ಪ್ರತಿಕೃತಿಗಳಲ್ಲವೆಂಬುದನ್ನು ಒಪ್ಪಬೇಕು. ಸ್ಥಳವು ಕಿರಿದಾದಂತೆ ರೂವಾರಿಯು ಅಡ್ಡಗಲವನ್ನು ಕುಗ್ಗಿಸಿ ಎತ್ತರವನ್ನು ಹೆಚ್ಚಿಸುವುದುಂಟು. ಆದರೆ ಅಂಗಗಳ ಕ್ರಮವೂ ಅವುಗಳ ಪರಸ್ಪರ ಸಂಬಂಧವೂ ಕೆಡುವುದಿಲ್ಲ. ಇದು ಸಾಧ್ಯವಾಗಬೇಕಾದರೆ ಅಳತೆಯ ಶಾಸ್ತ್ರವು ಕೈಯಲ್ಲಿ ಕೂತಿರಬೇಕು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯದ ಶಾಸನವು ಎಂಟನೆಯ ಶತಮಾನದ ಶಿಲ್ಪಾಚಾರ್ಯನನ್ನು ಸೂತ್ರಧಾರಿಯೆಂದು ಕರೆಯುತ್ತದೆ. ಸೂತ್ರವೆಂದರೆ ಅಳೆಯುವ ದಾರ. ಒಂದೇ ದಾರವನ್ನು ಮಡಿಸಿ ಮಡಿಸಿ ಹಿಡಿದರೆ ದೊಡ್ಡ ಗುಡಿಯ ಪ್ರಮಾಣವೇ ಕಿರುಗುಡಿಯಲ್ಲಿಯೂ ಬರುವುದು. ಆದುದರಿಂದ ಗೋಡೆಯ ಮೇಲಿನ ಕಿರುಗುಡಿಯು ರೂವಾರಿಯ ಕೈಚಳಕಕ್ಕಿಂತ ಮೊದಲು ಅವನ ಗಣಿತಕ್ಕೆ ಸಾಕ್ಷಿಯಾಗಿದೆ.

ಇಂತಹ ಸೂಕ್ಷ್ಮತೆಗೆ ಶಿಲೆಯೂ ನೆರವಾಯಿತು. ಹನ್ನೊಂದನೆಯ ಶತಮಾನದಲ್ಲಿ ಈ ನಾಡಿನ ರೂವಾರಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿನ ಕಡೆಗೆ ತಿರುಗಿದರು. ಗಣಿಯಿಂದ ತೆಗೆದಾಗ ಮೆದುವಾಗಿಯೂ, ಗಾಳಿಬಿಸಿಲಿಗೆ ಸಿಕ್ಕಿದಮೇಲೆ ಗಡುಸಾಗಿಯೂ ಇರುವ ಈ ಕಲ್ಲು ಉಳಿಯ ತುದಿಗೆ ಮರದಂತೆ ಒಗ್ಗುವುದು. ಬೆರಳಗಲದ ಗ್ರೀವವನ್ನೂ ಕಡಲೆಕಾಳಿನಷ್ಟು ಸ್ತೂಪಿಯನ್ನೂ ಕಡೆಯಲು ಧೈರ್ಯವು ಬಂದುದು ಈ ಕಲ್ಲಿನಿಂದಲೇ.

೪

ಈ ಕಿರುಗುಡಿಗಳಲ್ಲಿ ಮತ್ತೊಂದು ವಿಶೇಷವುಂಟು. ಇಲ್ಲಿಯ ದೊಡ್ಡ ಗುಡಿಗಳು ಬಹುಮಟ್ಟಿಗೆ ದ್ರಾವಿಡ ರೀತಿಯಿಂದ ಬೆಳೆದುಬಂದವು. ಆದರೆ ಆ ಕಾಲದ ಕನ್ನಡನಾಡಿನ ಗೋಡೆಗಳ ಮೇಲಿರುವ ಕಿರುಗುಡಿಗಳೆಲ್ಲವೂ ದ್ರಾವಿಡವಲ್ಲ. ಬಾಗಿದ ರೇಖೆಯ ಶಿಖರದ ಮೇಲೆ ಆಮಲಕವನ್ನು ಧರಿಸಿದ ನಾಗರ ರೀತಿಯವುಂಟು. ನಡುಬೆನ್ನಿನ ಪಟ್ಟಿಯ ಎರಡು ಕಡೆಗೂ ಪುಟ್ಟ ಕೂಟಗಳನ್ನು ಸರವಾಗಿ ಪೋಣಿಸಿದ, ಮಾಳವದಲ್ಲಿ ರೂಢವಾದ ಭೂಮಿಜ ರೀತಿಯವೂ ಉಂಟು. ಭೂಮಿಜ ರೀತಿಯ ದೊಡ್ಡ ಗುಡಿಗಳು ಕನ್ನಡನಾಡಿನಲ್ಲಿ ಅತಿವಿರಳ. ಅದರ ಕಿರುಮಾದರಿಗಳಾದರೋ ಬಹಳ. ತಾನು ಕಟ್ಟದಿದ್ದ ಗುಡಿಯ ರೂಪವನ್ನೂ ರೂವಾರಿಯು ಬಲ್ಲವನಾಗಿದ್ದನು, ಬಲ್ಲೆನೆಂಬುದನ್ನು ಗೋಡೆಯ ಮೇಲೆ ತೋರಿಸಿದನು. ಹೀಗಿರಲು ದೇವಾಲಯದ ಭಿತ್ತಿಯನ್ನು ಭಾರತದ ದೇವಾಲಯಜಾತಿಗಳ ಒಂದು ಮಾದರಿಸಂಗ್ರಹವೆಂದು ಕರೆಯಲು ಅಡ್ಡಿಯಿಲ್ಲ.

ಇದು ಕೇವಲ ಊಹೆಯಲ್ಲವೆಂಬುದಕ್ಕೆ ಇದೇ ಸೀಮೆಯ ಶಾಸನವೊಂದು ಬೆಂಬಲವಾಗಿ ನಿಲ್ಲುತ್ತದೆ. ಹಡಗಲಿ ತಾಲ್ಲೂಕಿನ ಹೊಳಲಿನ ಅಮೃತೇಶ್ವರ ದೇವಾಲಯದ ಕಂಬದ ಬೋದಿಗೆಯ ಮೇಲೆ ಇರುವ ಈ ಲೇಖವು ಮದರಾಸಿನ ಶಾಸನ ಇಲಾಖೆಯ ೧೯೧೪-೧೫ನೆಯ ವರ್ಷದ ವರದಿಯಲ್ಲಿ ಬೆಳಕಿಗೆ ಬಂದಿತು. ಸೋಗೆಯ ಪದೋಜನ ಶಿಷ್ಯನಾದ ಬಮ್ಮೋಜನು ಕಲಿಯುಗದ ವಿಶ್ವಕರ್ಮನೆಂದೂ, ಅರವತ್ತುನಾಲ್ಕು ಕಲೆಗಳಲ್ಲಿ ಪಾರಂಗತನೆಂದೂ, ಅರವತ್ತುನಾಲ್ಕು ಬಗೆಯ ಮಂದಿರಗಳನ್ನು ಕಟ್ಟಬಲ್ಲವನೆಂದೂ, ನಾಗರ, ಕಳಿಂಗ, ದ್ರಾವಿಡ, ವೇಸರಗಳೆಂಬ ನಾಲ್ಕು ರೀತಿಯ ಕಟ್ಟಡಗಳನ್ನು ಸಾಧಿಸಿದವನೆಂದೂ ಅದು ಹೊಗಳುತ್ತದೆ. ಶಿಲ್ಪಗ್ರಂಥಗಳು ಸಾಮಾನ್ಯವಾಗಿ ನಾಗರ, ದ್ರಾವಿಡ, ವೇಸರವೆಂಬ ಮೂರನ್ನೇ ಹೇಳುವಲ್ಲಿ ತುಂಗಭದ್ರೆಯ ದಡದ ರೂವಾರಿಯೊಬ್ಬನು ನಾಲ್ಕನೆಯದಾಗಿ ಕಳಿಂಗವನ್ನು ಸೇರಿಸಿದುದು ಗಮನಾರ್ಹವಾಗಿದೆ. ಹೊಗಳಿಕೆಯಲ್ಲಿ ಉತ್ಪ್ರೇಕ್ಷೆಯಿರಬಹುದು; ಆದರೆ ಬಹುರೀತಿಗಳ ಅರಿವೇ ಹೊಗಳಿಕೆಗೆ ವಿಷಯವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಪದೋಜ, ಬಮ್ಮೋಜ ಎಂಬ ಹೆಸರುಗಳ ಕೊನೆಯ ‘ಓಜ’ ಶಬ್ದವೂ ವಿಚಾರಯೋಗ್ಯವಾಗಿದೆ. ಅದು ಉಪಾಧ್ಯಾಯ ಶಬ್ದದ ತದ್ಭವವೆಂದು ಭಾಷಾಜ್ಞರು ಹೇಳುತ್ತಾರೆ. ಶಿಲ್ಪಿಯ ಹೆಸರಿನಲ್ಲಿಯೇ ಗುರುತ್ವವು ಸೇರಿಕೊಂಡಿರುವಾಗ, ಶಾಸನವು ಶಿಷ್ಯನೊಡನೆ ಗುರುವಿನ ಹೆಸರನ್ನೂ ಊರನ್ನೂ ಹೇಳುವಾಗ, ಗುಡಿಯ ಗೋಡೆಯು ಶಿಷ್ಯರಿಗೆ ಪಾಠದ ಹಲಗೆಯೂ ಆಗಿದ್ದಿರಬೇಕೆಂದು ತೋರುತ್ತದೆ.

ಆಧುನಿಕ ವಿದ್ವಾಂಸರು ಈ ಕಿರುಗುಡಿಗಳಿಗೆ ತಕ್ಕ ಸ್ಥಾನವನ್ನು ಕೊಟ್ಟಿರುತ್ತಾರೆ. ಎಂ. ಎ. ಢಾಕಿಯವರು ೧೯೭೭ರ ತಮ್ಮ ಗ್ರಂಥದಲ್ಲಿ ಕರ್ನಾಟಕದ ಶಾಸನಗಳು ಹೆಸರಿಸುವ ದೇವಾಲಯಜಾತಿಗಳನ್ನು ಶಿಲ್ಪದೊಡನೆ ಹೋಲಿಸಿ ವಿಚಾರಿಸಿದರು. ಆಡಂ ಹಾರ್ಡಿಯವರು ೧೯೯೫ರಲ್ಲಿ, ದೊಡ್ಡ ವಿಮಾನವೆಂಬುದೇ ಒಂದರಿಂದೊಂದು ಹೊರಹೊಮ್ಮುವ ಕಿರುಗುಡಿಗಳ ಸಮೂಹವೆಂದು ಪ್ರತಿಪಾದಿಸಿದರು. ಗೆರಾರ್ಡ್ ಫೂಕೆಮಾ ಅವರು ೨೦೦೩ರ ತಮ್ಮ ಗ್ರಂಥದಲ್ಲಿ ವಾಸ್ತುವಿನಿಂದ ವಾಸ್ತುವನ್ನು ಅಲಂಕರಿಸಿದ ಈ ಪದ್ಧತಿಯನ್ನೇ ವಿಷಯವಾಗಿ ಮಾಡಿಕೊಂಡರು.

೫

ಮಾದರಿಯು ಇತಿಹಾಸಕಾರನಿಗೆ ಎಷ್ಟು ಉಪಕಾರಿಯಾಗುವುದೆಂಬುದಕ್ಕೆ ಬೇಲೂರು ನಿದರ್ಶನವಾಗಿದೆ. ೧೧೧೭ರಲ್ಲಿ ಪ್ರತಿಷ್ಠಿತವಾದ ಚೆನ್ನಕೇಶವ ದೇವಾಲಯದ ವಿಮಾನದ ಮೇಲ್ಭಾಗವು ಈಗಿಲ್ಲ. ಆದರೆ ಅದರ ಬಾಗಿಲುಗಳ ಮೆಟ್ಟಿಲುಗಳ ಎರಡು ಕಡೆಗೂ ಶಿಖರಸಹಿತವಾದ ಕಿರುಗುಡಿಗಳು ನಿಂತಿರುವುವು. ಕಳೆದುಹೋದ ಶಿಖರದ ರೂಪವನ್ನು ಊಹಿಸುವವರು ಇವುಗಳನ್ನೇ ನೋಡಬೇಕಾಗಿದೆ. ದೊಡ್ಡದು ಬಿದ್ದುಹೋಯಿತು, ಚಿಕ್ಕದು ಉಳಿದು ದೊಡ್ಡದರ ಕಥೆಯನ್ನು ಹೇಳುತ್ತಲಿದೆ.

ಹಂಪೆಯ ವಿಠ್ಠಲ ದೇವಾಲಯದ ಅಂಗಳದ ಕಲ್ಲಿನ ರಥವು ಇದಕ್ಕೆ ವಿಪರೀತವಾದ ಪಾಠವನ್ನು ಕಲಿಸುತ್ತದೆ. ಗರುಡನ ಗುಡಿಯಾದ ಇದು ಮರದ ತೇರಿನ ಶಿಲಾಮಾದರಿ. ಇದರ ಮೇಲೆ ಇಟ್ಟಿಗೆಯ ಶಿಖರವೊಂದಿದ್ದುದು ಅಲೆಕ್ಸಾಂಡರ್ ಗ್ರೀನ್‌ಲಾ ೧೮೫೬ರಲ್ಲಿ ತೆಗೆದ ಛಾಯಾಚಿತ್ರದಿಂದ ತಿಳಿದುಬರುತ್ತದೆ. ಅನಂತರ ಆ ಶಿಖರವು ಹೋಯಿತು. ಆ ಒಂದು ಚಿತ್ರವಿಲ್ಲದಿದ್ದರೆ ಇಂದಿನ ಬೋಳು ರಥವೇ ಮೂಲರೂಪವೆಂದು ಜನರು ನಂಬುತ್ತಿದ್ದರು. ದಾಖಲೆಯಾದುದು ಮಾತ್ರ ಉಳಿಯುತ್ತದೆ.

೬

ಇನ್ನು ದಾಖಲೆಯಾಗದೆ ಹೋದುದನ್ನು ವಿಚಾರಿಸಬೇಕು. ಮೂರು ಮೀಟರು ಉದ್ದವೂ ಅರವತ್ತು ಸೆಂಟಿಮೀಟರು ಅಗಲ-ದಪ್ಪಗಳೂ ಉಳ್ಳ ಒಂದು ಕಲ್ಲಿನ ತೊಲೆಯನ್ನು ಕಲ್ಪಿಸಿಕೊಂಡರೆ ಅದರ ತೂಕವು ಸುಮಾರು ೩ ಟನ್ನುಗಳಾಗುವುದು. ಅದನ್ನು ಆಳೆತ್ತರವನ್ನು ಮೀರಿದ ಕಂಬಗಳ ಬೋದಿಗೆಯ ಮೇಲೆ, ಕೆಳಗಣ ನಯವಾದ ಕೆತ್ತನೆಗೆ ಪೆಟ್ಟಾಗದಂತೆ, ಕೂದಲೆಳೆಯೂ ತಪ್ಪದಂತೆ ಕೂರಿಸಬೇಕು. ಬಾಗಳಿಯ ಮಂಟಪದಲ್ಲಿ ಐವತ್ತರಷ್ಟು ಕಂಬಗಳಿವೆ. ಹೀಗೆ ಭಾರವನ್ನೆತ್ತುವ ಕೆಲಸವು ಅಲ್ಲಿ ಎಷ್ಟು ಸಾರಿ ನಡೆದಿರಬೇಕೆಂಬುದನ್ನು ಇದರಿಂದ ಎಣಿಸಬಹುದು. ಇದಕ್ಕೆ ಉಪಯೋಗಿಸಿದ ಸಾಧನದ ಚಿತ್ರವನ್ನು ರೂವಾರಿಯು ಕಿರುಗುಡಿಗಳ ಸಾಲಿನಲ್ಲಿ ಸೇರಿಸಲಿಲ್ಲ. ಆ ಕಾಲದ ಕಂಬಗಳನ್ನು ದುಂಡಗೆ ತಿರುಗಿಸಿ ನುಣುಪು ಮಾಡಿದ ಚರಕಿಯ ಗತಿಯೂ ಇದೇ. ಕಂಬದ ಮೇಲಿನ ಬಳೆಯಂತಹ ಗೆರೆಗಳು ಚರಕಿಯಿದ್ದುದನ್ನು ಹೇಳುತ್ತವೆ. ಚರಕಿಯ ಆಕಾರವನ್ನು ಹೇಳುವುದಿಲ್ಲ.

ಬೇರೆ ದೇಶಗಳಲ್ಲಿ ಹೀಗಾಗಿಲ್ಲ. ರೋಮಿನಲ್ಲಿ ಕ್ರಿ. ಶ. ಸುಮಾರು ೧೦೦ರ ಹಟೇರಿ ಮನೆತನದ ಸಮಾಧಿಯ ಉಬ್ಬುಶಿಲ್ಪವೊಂದುಂಟು. ಅದೀಗ ವ್ಯಾಟಿಕನ್ ಸಂಗ್ರಹಾಲಯದಲ್ಲಿದೆ. ಅದರಲ್ಲಿ ಗುಡಿಯಂತೆ ಅಲಂಕೃತವಾದ ಸಮಾಧಿಮಂದಿರವೂ, ಅದರ ಪಕ್ಕದಲ್ಲಿಯೇ ದೊಡ್ಡ ಚಕ್ರದೊಳಗೆ ಮನುಷ್ಯರು ನಿಂತು ತುಳಿಯುತ್ತಿರುವ ಭಾರಯಂತ್ರವೂ ಒಂದೇ ಕಲ್ಲಿನಲ್ಲಿ ಕೆತ್ತಲ್ಪಟ್ಟಿವೆ. ಫ್ಲಾರೆನ್ಸಿನ ದೇವಮಂದಿರದ ಗುಮ್ಮಟವನ್ನು ೧೪೨೦ರಿಂದ ೧೪೩೬ರವರೆಗೆ ಕಟ್ಟಿದ ಬ್ರುನೆಲೆಸ್ಕಿಯ ಯಂತ್ರಗಳು ಕೆಲಸ ಮುಗಿದಮೇಲೆ ಹಾಳಾದರೂ, ಲಿಯೊನಾರ್ಡೊ ಮೊದಲಾದವರು ಬರೆದಿಟ್ಟ ಚಿತ್ರಗಳ ಆಧಾರದಿಂದ ಅವುಗಳ ಮಾದರಿಗಳನ್ನು ಇಂದು ರಚಿಸಲು ಸಾಧ್ಯವಾಗಿದೆ.

ಭಾರತದಲ್ಲಿ ಇಂತಹ ಸಾಕ್ಷ್ಯವು ಬೇರೆ ರೂಪದಲ್ಲಿ ದೊರೆಯುವುದು. ಮಧ್ಯಪ್ರದೇಶದ ಭೋಜಪುರದಲ್ಲಿ ಪರಮಾರ ಭೋಜನ ಕಾಲದ, ಅಪೂರ್ಣವಾಗಿ ನಿಂತ ಶಿವಾಲಯವುಂಟು. ಅದರ ಬಳಿಯ ಬಂಡೆಗಳ ಮೇಲೆ ಗುಡಿಯ ರೇಖಾಚಿತ್ರಗಳು ಕೊರೆಯಲ್ಪಟ್ಟಿವೆ. ಕಲ್ಲುಗಳನ್ನು ಮೇಲಕ್ಕೆ ಎಳೆದೊಯ್ಯುವುದಕ್ಕಾಗಿ ಹಾಕಿದ ಇಳಿಜಾರಿನ ದಿಬ್ಬವೂ ಗುಡಿಯ ಹಿಂದೆ ಉಳಿದಿದೆ. ಕೆಲಸವು ನಿಂತುಹೋದುದರಿಂದಲೇ ದಿಬ್ಬವು ಉಳಿಯಿತು. ಪೂರ್ಣವಾಗಿದ್ದರೆ ಅದನ್ನು ಅಗೆದು ತೆಗೆದುಬಿಡುತ್ತಿದ್ದರು. ಈ ಭೋಜನು ಹಿರೇಹಡಗಲಿಯ ದೇಮರಸನ ಒಡೆಯನಾದ ಮೊದಲನೆಯ ಸೋಮೇಶ್ವರನ ಸಮಕಾಲೀನನೂ ಪ್ರತಿಸ್ಪರ್ಧಿಯೂ ಆಗಿದ್ದನು. ಎರಡು ರಾಜ್ಯಗಳ ಶಿಲ್ಪಿಗಳು ಪರಸ್ಪರರ ಶಿಖರರೂಪಗಳನ್ನು ಅರಿತಿದ್ದರೆಂಬುದನ್ನು ಭೂಮಿಜ ಕಿರುಗುಡಿಗಳು ತೋರಿಸುವಾಗ, ಕಲ್ಲೇರಿಸುವ ಉಪಾಯಗಳನ್ನೂ ಅರಿತಿದ್ದಿರಬಹುದೆನ್ನುವುದು ಅಸಂಗತವಲ್ಲ.

ಇಲ್ಲಿ ಒಂದು ಪೂರ್ವಪಕ್ಷವನ್ನು ಎತ್ತಬಹುದು. ಈ ಸೀಮೆಯ ಗುಡಿಗಳು ಬಹಳ ಎತ್ತರವಾದವಲ್ಲ. ದಿಬ್ಬ, ಸನ್ನೆಕೋಲು, ಉರುಳುಕೊರಡು, ಮಿಣಿಹಗ್ಗಗಳಿದ್ದರೆ ಸಾಕು. ಯಂತ್ರವೇ ಇರಲಿಲ್ಲವಾದಮೇಲೆ ಅದರ ಮಾದರಿಯೆಲ್ಲಿಂದ ಬರಬೇಕು? ಈ ಆಕ್ಷೇಪಣೆಯಲ್ಲಿ ಬಲವುಂಟು. ಒಂದಕ್ಕೆ ಹತ್ತರ ಸನ್ನೆಯಿಂದ ೩ ಟನ್ನಿನ ತೊಲೆಯ ಒಂದು ಕೊನೆಯನ್ನು ಮೀಟುವುದಕ್ಕೆ ೧೫೦ ಕಿಲೋಗ್ರಾಮಿನಷ್ಟು ಒತ್ತಡವು ಸಾಕು. ಮೂರು ನಾಲ್ಕು ಆಳುಗಳು ಸನ್ನೆಗೆ ಬಿದ್ದರೆ ಅದು ಕದಲುವುದು. ಕೊನೆ ಕೊನೆಯಾಗಿ ಮೀಟುತ್ತ, ಕೆಳಗೆ ದಿಮ್ಮಿಗಳನ್ನು ಒಡ್ಡುತ್ತ ಹೋದರೆ ತೊಲೆಯು ಗೇಣು ಗೇಣಾಗಿ ಮೇಲೇರುತ್ತದೆ. ಆದರೆ ಇದರಿಂದ ಪ್ರಶ್ನೆಯು ಪರಿಹಾರವಾಗದೆ ಬೇರೆ ರೂಪವನ್ನು ತಾಳುವುದು. ದಿಬ್ಬವನ್ನೂ ಸನ್ನೆಯನ್ನೂ ಕೂಡ ರೂವಾರಿಯು ಕೆತ್ತಬಹುದಾಗಿತ್ತು. ಖಜುರಾಹೋದ ಶಿಲ್ಪಿಗಳು ಕಲ್ಲನ್ನು ಕೋಲಿಗೆ ಕಟ್ಟಿ ಹೊತ್ತೊಯ್ಯುವವರನ್ನು ಕೆತ್ತಿದ್ದಾರೆ. ನರ್ತಕಿಯರು, ಬೇಟೆಗಾರರು, ಮಲ್ಲರು, ಆನೆಗಳು, ಕುದುರೆಗಳು ಇವುಗಳಿಗೆಲ್ಲ ಎಡೆಯಿದ್ದ ಗೋಡೆಯ ಮೇಲೆ ತನ್ನ ಕೆಲಸಕ್ಕೆ ಮಾತ್ರ ರೂವಾರಿಯು ಎಡೆಯನ್ನು ಕೊಡಲಿಲ್ಲ.

ಇದಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಮೊದಲನೆಯದು ಗೋಪ್ಯ. ಭೋಜನ ಹೆಸರಿನಲ್ಲಿರುವ ಸಮರಾಂಗಣಸೂತ್ರಧಾರವು ಯಂತ್ರಗಳಿಗೆಂದೇ ಒಂದು ಅಧ್ಯಾಯವನ್ನು ಮೀಸಲಿರಿಸಿ, ಅವುಗಳ ರಚನಾಕ್ರಮವನ್ನು ವಿವರಿಸದಿರುವುದು ಅಜ್ಞಾನದಿಂದಲ್ಲ, ಗುಟ್ಟನ್ನು ಕಾಪಾಡುವುದಕ್ಕಾಗಿ ಎಂದು ಬಾಯಿಬಿಟ್ಟು ಹೇಳುತ್ತದೆ. ಎರಡನೆಯದು ದ್ರವ್ಯದ ಅನಿತ್ಯತೆ. ಮರ, ಬಿದಿರು, ಹಗ್ಗ, ಮಣ್ಣುಗಳಿಂದಾದ ಸಾಧನವನ್ನು ಕೆಲಸ ತೀರಿದೊಡನೆ ಬಿಚ್ಚಿ ಬೇರೆ ಕಡೆಗೆ ಒಯ್ಯುತ್ತಿದ್ದರು. ಅದನ್ನು ಯಾರೂ ಒಂದು ಕೃತಿಯೆಂದು ಬಗೆಯಲಿಲ್ಲ. ಮೂರನೆಯದು, ಬಹುಶಃ ಎಲ್ಲಕ್ಕಿಂತ ಬಲವಾದುದು, ಭಾವನೆಗೆ ಸಂಬಂಧಿಸಿದ್ದು. ಕಿರುಗುಡಿಯನ್ನು ರಚಿಸಿದವನಿಗೆ ಅದು ಮಾದರಿಯೂ ಹೌದು, ದೇವರ ಮನೆಯೂ ಹೌದು. ಚಿಕ್ಕದಾದ ಮಾತ್ರಕ್ಕೆ ಅದರ ಪಾವಿತ್ರ್ಯವು ಚಿಕ್ಕದಾಗಲಿಲ್ಲ. ಭಾರಯಂತ್ರಕ್ಕೆ ಈ ಪಾವಿತ್ರ್ಯವು ದೊರೆಯಲಿಲ್ಲ.

೭

ಹೀಗೆ ಗೋಡೆಯ ಮೇಲೆ ಬರೆಯದೆ ಬಿಟ್ಟ ವಿದ್ಯೆಯು ಪೂರ್ತಿಯಾಗಿ ನಾಶವಾಯಿತೆನ್ನಲಾಗದು. ಅದರ ಚೂರುಗಳು ಜನಜೀವನದಲ್ಲಿ ಉಳಿದುಬಂದವು. ಬಾವಿಯ ಕಪಿಲೆಯಲ್ಲಿ ಎತ್ತುಗಳು ಇಳಿಜಾರಿನ ಹಾದಿಯಲ್ಲಿ ಕೆಳಕ್ಕೆ ನಡೆಯುತ್ತಿರಲು ಹ��್ಗವು ರಾಟೆಯ ಮೇಲೆ ಹಾಯ್ದು, ನೀರು ತುಂಬಿದ ತೊಗಲಿನ ಬಾನಿಯು ಮೇಲಕ್ಕೇರುತ್ತಿತ್ತು. ಇದು ತತ್ತ್ವದಲ್ಲಿ ಭಾರವೆತ್ತುವ ಯಂತ್ರವೇ. ವಿದ್ಯುತ್ ಪಂಪುಗಳು ಬಂದಮೇಲೆ ಕಪಿಲೆಗಳು ಹೊಲಗಳಿಂದ ಮರೆಯಾದವು. ಬಂಡೆಯನ್ನು ಸೀಳಿ ಹಾರೆ, ಸನ್ನೆ, ಉರುಳುಗಳಿಂದ ಸಾಗಿಸುವ ವಿದ್ಯೆಯನ್ನು ಬೋವಿ ಸಮುದಾಯದವರು ತಲೆಮಾರುಗಳಿಂದ ಕಾಪಾಡಿಕೊಂಡು ಬಂದಿರುತ್ತಾರೆ.

ತೇರಿನ ವಿಷಯವೂ ಇದೇ. ಚಿಗಟೇರಿಯ ನಾರದಮುನಿಯ ಜಾತ್ರೆಯಲ್ಲಾಗಲಿ ಕೊಟ್ಟೂರಿನ ಗುರುಬಸವೇಶ್ವರನ ಜಾತ್ರೆಯಲ್ಲಾಗಲಿ ಎಳೆಯುವ ತೇರು ಮರದಲ್ಲಿ ಮಾಡಿದ ಚಲಿಸುವ ಗುಡಿ. ಗೋಡೆಯ ಕಿರುಗುಡಿಗೆ ಇರುವಂತೆ ಇದಕ್ಕೂ ಅಧಿಷ್ಠಾನ, ನೆಲೆ, ಶಿಖರ, ಕಳಸಗಳುಂಟು. ಇದನ್ನು ಕಟ್ಟುವಾಗ ಅಟ್ಟಣೆಯನ್ನು ಏರಿಸಬೇಕು, ಭಾರವಾದ ಮರಗಳನ್ನು ಹಗ್ಗದಿಂದ ಮೇಲಕ್ಕೆಳೆಯಬೇಕು, ತೂಕವು ಅಚ್ಚಿನ ಮೇಲೆ ಸಮವಾಗಿ ಬೀಳುವಂತೆ ನೋಡಿಕೊಳ್ಳಬೇಕು. ೨೦೧೭ರಲ್ಲಿ ಕೊಟ್ಟೂರಿನ ತೇರು ಉತ್ಸವದ ಕಾಲದಲ್ಲಿಯೇ ಉರುಳಿಬಿದ್ದಿತು. ಅನಂತರ ಹೊಸ ತೇರು ನಿರ್ಮಾಣವಾಯಿತು. ಇಂತಹ ಸಂದರ್ಭದಲ್ಲಿ ಹಳೆಯ ಅಳತೆ, ಹಳೆಯ ಜೋಡಣೆ, ಭಾರವನ್ನು ಹಂಚುವ ಕ್ರಮ ಇವುಗಳ ತಿಳಿವಳಿಕೆಯು ಪುಸ್ತಕದಲ್ಲಿ ದೊರೆಯುವುದಿಲ್ಲ. ಬಡಗಿಯ ಕೈಯಲ್ಲಿಯೂ ಮನಸ್ಸಿನಲ್ಲಿಯೂ ಇರುತ್ತದೆ. ಆ ಕೈ ನಿಂತರೆ ಅದೂ ಹೋಗುವುದು.

ಆದುದರಿಂದ ಕ್ರೇನುಗಳ ಕಿರುಮಾದರಿಗಳನ್ನು ರಚಿಸುವ ಇಂದಿನ ಹವ್ಯಾಸವನ್ನು ಹುಡುಗಾಟವೆಂದು ತಳ್ಳಿಹಾಕುವುದು ಸಲ್ಲದು. ಬಮ್ಮೋಜನ ಕಾಲದವರು ಮಾಡದೆ ಬಿಟ್ಟ ಕೆಲಸವನ್ನು ಅದು ಮಾಡುತ್ತಿದೆ: ಕಟ್ಟಿದುದರ ಜೊತೆಗೆ ಕಟ್ಟಲು ನೆರವಾದುದನ್ನೂ ಉಳಿಸುತ್ತಿದೆ. ಕನ್ನಡನಾಡಿನ ಮಟ್ಟಿಗೆ ಆಗಬೇಕಾದ ಕಾರ್ಯವು ಎರಡು ವಿಧವಾಗಿದೆ. ಬಾಗಳಿ, ಹಿರೇಹಡಗಲಿ, ನೀಲಗುಂದ, ಮಾಗಳಗಳ ಕಿರುಗುಡಿಗಳನ್ನು ಒಂದೊಂದಾಗಿ ಅಳೆದು, ಅವುಗಳ ರೀತಿಯನ್ನು ಹೊಳಲಿನ ಶಾಸನದ ನಾಲ್ಕು ಹೆಸರುಗಳೊಡನೆ ಹೋಲಿಸಿ ನೋಡುವುದು ಮೊದಲನೆಯದು. ಕಪಿಲೆ, ಸನ್ನೆ, ತೇರಿನ ಅಟ್ಟಣೆ, ಕಲ್ಲು ಸಾಗಿಸುವ ಉರುಳು ಇವುಗಳನ್ನು ಬಲ್ಲ ವೃದ್ಧರು ಇರುವಾಗಲೇ ಅವರ ಬಾಯಿಂದ ಪರಿಭಾಷೆಯನ್ನು ಬರೆದುಕೊಂಡು, ಅವರ ಕೈಯಿಂದಲೇ ಮಾದರಿಗಳನ್ನು ಮಾಡಿಸಿ ಸಂಗ್ರಹಾಲಯಗಳಲ್ಲಿ ಇರಿಸುವುದು ಎರಡನೆಯದು. ಮೊದಲನೆಯ ಕಾರ್ಯಕ್ಕೆ ಕಲ್ಲು ಕಾದುಕೊಂಡಿರುತ್ತದೆ. ಎರಡನೆಯದಕ್ಕೆ ಅಷ್ಟು ಅವಕಾಶವಿಲ್ಲ.